ಯಾವುದನ್ನು ನಿಲ್ಲಿಸಬಹುದು ಎಂದು ಬಲ್ಲವರು

ಪ್ರಶ್ನೆ: ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಹದಿನಾರು ವರ್ಷಗಳಿಂದ ಇದ್ದೇನೆ. ಅದರಲ್ಲಿ ಕೊನೆಯ ಐದು ವರ್ಷ ಆರ್ಕಿಟೆಕ್ಟ್ ಆಗಿ, ಅಂದರೆ ಇಡೀ ವ್ಯವಸ್ಥೆಯ ವಿನ್ಯಾಸದ ಕೆಲಸ. ನಮ್ಮ ಕಂಪನಿಗೆ ಬರುವ ಹೊಸ ಕೆಲಸ ಕಡಿಮೆಯಾಗಿದೆ, ಎರಡು ಸುತ್ತು ಲೇಆಫ್ ಮುಗಿದಿದೆ. "ಕೋಡ್ ಬರೆಯುವವರು ಇರಲಿ, ಡಯಾಗ್ರಾಂ ಬರೆಯುವವರು ಯಾಕೆ?" ಎಂಬ ಮಾತು ಮೀಟಿಂಗ್‌ನಲ್ಲೇ ಕೇಳಿಬಂತು. ನನ್ನ ತಂಡದ ಎಂಜಿನಿಯರ್‌ಗಳೂ ಹೆದರಿದ್ದಾರೆ. ಆರ್ಥಿಕ ಹಿಂಜರಿತದ ಕಾಲದಲ್ಲಿ ನಮ್ಮಂಥವರಿಗೆ ನಿಜಕ್ಕೂ ಬೆಲೆ ಇದೆಯೇ? ಇದ್ದರೆ ಹಣಕಾಸಿನವರಿಗೆ ಅದನ್ನು ತೋರಿಸುವುದು ಹೇಗೆ? ನಾನು ಪೂರ್ತಿಯಾಗಿ ಕೋಡಿಂಗ್‌ಗೆ ಮರಳಬೇಕೇ?

ಉತ್ತರ: ಬೆಲೆ ಇದೆ. ಆದರೆ ಒಳ್ಳೆಯ ದಿನಗಳಲ್ಲಿ ಯಾವ ಕೆಲಸಕ್ಕೆ ನಿಮಗೆ ಬೆಲೆ ಸಿಗುತ್ತಿತ್ತೋ ಅದೇ ಕೆಲಸಕ್ಕೆ ಈಗ ಸಿಗುವುದಿಲ್ಲ. ಹಣ ಸಲೀಸಾಗಿ ಸಿಗುವಾಗ ಕಂಪನಿಗೆ ಬೇಕಾಗುವವರು ಹೊಸದನ್ನು ಬೇಗ ಕಟ್ಟಿಕೊಡುವವರು. ಹಣ ಬಿಗಿಯಾದಾಗ ಅದು ಕೇಳುವ ಪ್ರಶ್ನೆಯೇ ಬೇರೆ: ಇದರಲ್ಲಿ ಯಾವುದನ್ನು ನಿಲ್ಲಿಸಬಹುದು? ನಿಲ್ಲಿಸಿದರೆ ಇನ್ನೇನು ಕೆಟ್ಟು ಕೂರುತ್ತದೆ? ಈ ಪ್ರಶ್ನೆಗೆ ನಂಬಬಹುದಾದ ಉತ್ತರ ಕೊಡಬಲ್ಲವರು ಯಾವ ಕಂಪನಿಯಲ್ಲೂ ಬೆರಳೆಣಿಕೆಯಷ್ಟು ಜನ. ಒಂದೊಂದು ಭಾಗವನ್ನೂ ಒಳಗಿನಿಂದ ಬಲ್ಲ ಎಂಜಿನಿಯರ್‌ಗಳು, ಆ ಭಾಗಗಳು ಒಂದನ್ನೊಂದು ಹೇಗೆ ನೆಚ್ಚಿಕೊಂಡಿವೆ ಎಂದು ಬಲ್ಲ ಆರ್ಕಿಟೆಕ್ಟ್‌ಗಳು, ಇಷ್ಟೇ. ಅವಸರದಲ್ಲಿ ಕಂಪನಿಗಳು ಮಾಡಿಕೊಳ್ಳುವ ದೊಡ್ಡ ನಷ್ಟವೆಂದರೆ ಎಲ್ಲಿ ಕಡಿಯಬೇಕೆಂದು ಬಲ್ಲವರನ್ನೇ ಮೊದಲು ಕಳಿಸಿಬಿಡುವುದು.

ನಿಮ್ಮ ತಂಡದವರ ಹೆದರಿಕೆಯ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಹೆದರಿದ ತಲೆಯಿಂದ ಒಳ್ಳೆಯ ಕೆಲಸ ಆಗುವುದಿಲ್ಲ. ಲೇಆಫ್‌ಗಳು ಯಾಕೆ ಬಂದವು ನೋಡಿ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರ ಮಾರ್ಚ್‌ವರೆಗೆ ಬಡ್ಡಿ ದರವನ್ನು ಸೊನ್ನೆಯ ಆಸುಪಾಸಿನಲ್ಲಿ ಇಟ್ಟಿತ್ತು. 2023ರ ಜುಲೈ ಹೊತ್ತಿಗೆ ಅದು ಶೇ 5.25ರಿಂದ 5.5ರ ಮಟ್ಟಕ್ಕೆ ಏರಿತು. ಸಾಲ ಹೆಚ್ಚುಕಡಿಮೆ ಪುಕ್ಕಟೆಯಾಗಿ ಸಿಗುವಾಗ, ಎಷ್ಟೋ ವರ್ಷಗಳ ನಂತರ ಲಾಭ ತರಬಹುದಾದ ಯೋಜನೆಗೂ ಹೂಡಿಕೆದಾರರು ಕಾಯುತ್ತಾರೆ. ಬಡ್ಡಿ ಏರಿದ ಕೂಡಲೇ ಅವರ ಕಣ್ಣು ಈ ವರ್ಷದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಮೆಟಾ 2022ರ ನವೆಂಬರ್‌ನಲ್ಲಿ ಸುಮಾರು 11,000 ಜನರನ್ನು, ಗೂಗಲ್ 2023ರ ಜನವರಿಯಲ್ಲಿ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿದವು. ಅದೇ ಜನವರಿಯಲ್ಲಿ ಅಮೆಜಾನ್ ಹೇಳಿದ ಸಂಖ್ಯೆ 18,000ಕ್ಕೂ ಹೆಚ್ಚು. ಇದರ ಜೊತೆಗೆ 2022ರಿಂದ ಅಮೆರಿಕದ ತೆರಿಗೆ ನಿಯಮವೊಂದು ಬದಲಾಯಿತು. ಸಾಫ್ಟ್‌ವೇರ್ ಅಭಿವೃದ್ಧಿಯ ಖರ್ಚನ್ನು ಅದೇ ವರ್ಷದ ಆದಾಯದಿಂದ ಪೂರ್ತಿ ಕಳೆಯುವಂತಿರಲಿಲ್ಲ, ಐದು ವರ್ಷಕ್ಕೆ ಹಂಚಿ ತೋರಿಸಬೇಕಿತ್ತು. ಹೊರದೇಶದಲ್ಲಿ ಮಾಡಿಸಿದ ಕೆಲಸವಾದರೆ ಹದಿನೈದು ವರ್ಷಕ್ಕೆ. ದೇಶದೊಳಗಿನ ಕೆಲಸದ ಮಟ್ಟಿಗೆ ಈ ನಿಯಮವನ್ನು 2025ರಲ್ಲಿ ಸರಿಪಡಿಸಿದರು. ಆದರೆ ಅಲ್ಲಿಯವರೆಗೆ, ಎಂಜಿನಿಯರ್‌ನ ಸಂಬಳ ಅಷ್ಟೇ ಇದ್ದರೂ ಕಂಪನಿಯ ತೆರಿಗೆ ಲೆಕ್ಕದಲ್ಲಿ ಆತ ದುಬಾರಿಯಾಗಿದ್ದ. ಈ ಯಾವ ಕಾರಣವೂ ಯಾರ ಕೋಡ್ ಚೆನ್ನಾಗಿದೆ, ಯಾರ ವಿನ್ಯಾಸ ಗಟ್ಟಿಯಾಗಿದೆ ಎಂದು ನೋಡಿ ಬಂದದ್ದಲ್ಲ. ಕೆಲಸ ಕಳೆದುಕೊಂಡವರ ಪಟ್ಟಿಯನ್ನು ಯೋಗ್ಯತೆಯ ಪಟ್ಟಿ ಎಂದು ಯಾರೂ ಓದಿಕೊಳ್ಳಬಾರದು. ಇದನ್ನು ನಿಮ್ಮ ತಂಡದವರಿಗೆ ಬಾಯಿಬಿಟ್ಟು ಹೇಳಿ.

ಹಿಂದೆಯೂ ಇಂಥ ಕಾಲ ಬಂದಿತ್ತು. 2000ದ ಮಾರ್ಚ್ 10ರಂದು 5,048ಕ್ಕೆ ಮುಟ್ಟಿದ್ದ, ಟೆಕ್ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 2002ರ ಅಕ್ಟೋಬರ್ ಹೊತ್ತಿಗೆ 1,114ಕ್ಕೆ ಕುಸಿಯಿತು. ಆ ಕುಸಿತದ ನಡುವೆ ಅಮೆಜಾನ್ ತನ್ನ ದುಬಾರಿ ಯುನಿಕ್ಸ್ ಸರ್ವರ್‌ಗಳನ್ನು ಬಿಟ್ಟು, ಅಗ್ಗದ ಯಂತ್ರಗಳ ಮೇಲೆ ಓಡುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಬಂತು. 2001ರಲ್ಲಿ ಅದು ಸರ್ಕಾರಕ್ಕೆ ಸಲ್ಲಿಸಿದ ಲೆಕ್ಕಪತ್ರದಲ್ಲಿ ಒಂದು ತ್ರೈಮಾಸಿಕದ ತಂತ್ರಜ್ಞಾನದ ಖರ್ಚು ಹಿಂದಿನ ವರ್ಷದ 7.1 ಕೋಟಿ ಡಾಲರ್‌ನಿಂದ 5.4 ಕೋಟಿಗೆ ಇಳಿದಿತ್ತು. ಇಳಿಕೆಯ ಕಾರಣಗಳಲ್ಲಿ ಲಿನಕ್ಸ್‌ನ ಹೆಸರೂ ಇತ್ತು. ಇದು ಖರೀದಿ ವಿಭಾಗ ಚೌಕಾಸಿ ಮಾಡಿ ಉಳಿಸಿದ ಹಣವಲ್ಲ. ಯಾವ ಪ್ರೋಗ್ರಾಂ ಯಾವ ಯಂತ್ರಕ್ಕೆ ಅಂಟಿಕೊಂಡಿದೆ, ಯಾವುದನ್ನು ಬಿಡಿಸಿ ತರಬಹುದು, ತರುವಾಗ ಅಂಗಡಿ ಮುಚ್ಚದೆ ಹೇಗೆ ನಡೆಸಬೇಕು ಎಂದು ಬಲ್ಲ ಎಂಜಿನಿಯರ್‌ಗಳು ಉಳಿಸಿದ ಹಣ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹಣಕಾಸಿನವರ ಮುಂದೆ ಡಯಾಗ್ರಾಂ ಇಡಬೇಡಿ, ಬಿಲ್ಲನ್ನೇ ಇಡಿ. ಆದರೆ ಅವರು ನೋಡುವ ಬಿಲ್ಲಿಗಿಂತ ಒಳಗಿನದನ್ನು ಇಡಿ. ಅವರಿಗೆ ತಿಂಗಳ ಕೊನೆಗೆ ಕಾಣುವುದು ಕ್ಲೌಡ್‌ಗೆ (ಬಾಡಿಗೆಗೆ ಪಡೆದ ಸರ್ವರ್‌ಗಳಿಗೆ) ಇಷ್ಟು, ಡೇಟಾಬೇಸ್ ಲೈಸೆನ್ಸ್‌ಗೆ ಇಷ್ಟು, ಮಾನಿಟರಿಂಗ್‌ಗೆ ಇಷ್ಟು ಎಂಬ ಮೂರು ನಾಲ್ಕು ದೊಡ್ಡ ಮೊತ್ತಗಳು ಮಾತ್ರ. ಆ ಮೊತ್ತ ಗ್ರಾಹಕನ ಯಾವ ಕೆಲಸಕ್ಕೆ ಖರ್ಚಾಯಿತು ಎಂಬುದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಅದನ್ನು ಬಿಡಿಸಿ ಹೇಳುವುದು ನಿಮ್ಮಿಂದ ಮಾತ್ರ ಸಾಧ್ಯ.

ಒಂದು ಆರ್ಡರ್ ಅನ್ನೇ ಹಿಡಿದುಕೊಂಡು ಹೊರಡಿ. ಗ್ರಾಹಕ ಗುಂಡಿ ಒತ್ತಿದ ಕ್ಷಣದಿಂದ ರಸೀದಿ ಅವನ ಕೈಸೇರುವವರೆಗೆ ಆ ಆರ್ಡರ್ ಎಷ್ಟು ಸರ್ವೀಸ್‌ಗಳನ್ನು (ಒಂದೊಂದು ಕೆಲಸ ಮಾಡುವ ಪ್ರತ್ಯೇಕ ಪ್ರೋಗ್ರಾಂಗಳನ್ನು) ಹಾದುಹೋಗುತ್ತದೆ, ಎಷ್ಟು ಬಾರಿ ಡೇಟಾಬೇಸ್ ತಟ್ಟುತ್ತದೆ, ಎಷ್ಟು ಸಾಲು ಲಾಗ್, ಅಂದರೆ ನಡೆದದ್ದರ ದಾಖಲೆ, ಬರೆಯುತ್ತದೆ ಎಂದು ಎಣಿಸಿ. ಇದನ್ನು ಮೊದಲ ಸಲ ಮಾಡಿದವರಿಗೆ ಸಾಮಾನ್ಯವಾಗಿ ಲಾಗ್‌ನಲ್ಲೇ ಆಶ್ಚರ್ಯ ಕಾದಿರುತ್ತದೆ. ಎಂದೋ ಒಂದು ತೊಂದರೆ ಹುಡುಕಲು ಡಿಬಗ್ ಮಟ್ಟಕ್ಕೆ (ಪ್ರತಿ ಹೆಜ್ಜೆಯನ್ನೂ ಬರೆಯುವ ಮಟ್ಟಕ್ಕೆ) ಏರಿಸಿದ ಲಾಗ್ ಅಲ್ಲೇ ಉಳಿದುಬಿಟ್ಟಿರುತ್ತದೆ. ಒಂದು ಆರ್ಡರ್‌ಗೆ ಹತ್ತು ಸಾಲು ಸಾಕಿದ್ದ ಕಡೆ ನಾನೂರು ಸಾಲು ಬರೆದು, ಯಾರೂ ಓದದ ಆ ಸಾಲುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿಟ್ಟು, ಅದಕ್ಕೆ ಪ್ರತಿ ತಿಂಗಳೂ ಬಾಡಿಗೆ ಕಟ್ಟುತ್ತಿರುತ್ತಾರೆ. ಕೆಲವು ಕಡೆ ಸರ್ವೀಸ್ ನಡೆಸುವ ಖರ್ಚಿಗಿಂತ ಅದರ ಲಾಗ್ ಇಡುವ ಖರ್ಚೇ ಹೆಚ್ಚು. ಲಾಗ್ ಮಟ್ಟ ಇಳಿಸುವುದು ಒಂದು ಸಾಲಿನ ಬದಲಾವಣೆ. ಆದರೆ ಯಾವ ಲಾಗ್ ಕಾನೂನಿನ ಪ್ರಕಾರ ಉಳಿಯಲೇಬೇಕು, ಯಾವುದು ಹೋದರೆ ರಾತ್ರಿ ತೊಂದರೆ ಬಂದಾಗ ಆನ್‌ಕಾಲ್‌ನಲ್ಲಿರುವವರು (ಕರೆ ಬಂದರೆ ಸರಿಪಡಿಸುವ ಸರದಿಯವರು) ಕುರುಡರಾಗುತ್ತಾರೆ ಎಂದು ಗೊತ್ತಿದ್ದವರೇ ಆ ಒಂದು ಸಾಲನ್ನು ಮುಟ್ಟಬೇಕು.

ಟೆಸ್ಟ್ ಎನ್ವಿರಾನ್ಮೆಂಟ್‌ಗಳ, ಅಂದರೆ ಕೋಡ್ ಪರೀಕ್ಷಿಸಲು ಇಟ್ಟ ಯಂತ್ರಗಳ, ಲೆಕ್ಕ ಇನ್ನೂ ಸರಳ. ವಾರಕ್ಕೆ 168 ಗಂಟೆ. ದಿನಕ್ಕೆ ಹತ್ತು ಗಂಟೆಯಂತೆ ಐದು ದಿನ ಬಳಸಿದರೆ 50 ಗಂಟೆ. ಉಳಿದ 118 ಗಂಟೆ, ಅಂದರೆ ಶೇ 70ರಷ್ಟು ಸಮಯ, ಯಾರೂ ಇಲ್ಲದ ಕಡೆ ಯಂತ್ರಗಳು ಓಡುತ್ತಿರುತ್ತವೆ. ರಾತ್ರಿ ಆರಿಸಿ ಬೆಳಿಗ್ಗೆ ಏಳಿಸುವ ಸ್ಕ್ರಿಪ್ಟ್ ಬರೆಯಲು ಒಬ್ಬ ಎಂಜಿನಿಯರ್‌ಗೆ ಒಂದೆರಡು ದಿನ ಸಾಕು, ಬೆಳಿಗ್ಗೆ ಅದು ಸರಿಯಾಗಿ ಏಳುವಂತಿದ್ದರೆ. ಎಷ್ಟೋ ವ್ಯವಸ್ಥೆಗಳು ಒಮ್ಮೆ ಆರಿಸಿದರೆ ತಾವಾಗಿ ಏಳುವುದಿಲ್ಲ. ಯಾವುದು ಮೊದಲು ಏಳಬೇಕು ಎಂಬ ಕ್ರಮ ಯಾರದೋ ತಲೆಯಲ್ಲಿ ಮಾತ್ರ ಇರುತ್ತದೆ. ಆ ಕ್ರಮವನ್ನು ಸ್ಕ್ರಿಪ್ಟ್‌ಗೆ ಇಳಿಸಿದರೆ ಖರ್ಚೂ ಉಳಿಯುತ್ತದೆ, ಮುಂದೆ ಪ್ರೊಡಕ್ಷನ್ (ಗ್ರಾಹಕರು ಬಳಸುವ ಅಸಲಿ ವ್ಯವಸ್ಥೆ) ಬಿದ್ದಾಗ ಎಬ್ಬಿಸುವ ದಾರಿಯೂ ಕೈಯಲ್ಲಿರುತ್ತದೆ. ಇಂಥ ಕೆಲಸಗಳನ್ನು ಮೊದಲು ಮಾಡಿ. ಇವು ಒಂದು ತಿಂಗಳಲ್ಲಿ ಬಿಲ್ಲಿನ ಮೇಲೆ ಕಾಣುತ್ತವೆ. ಆಮೇಲೆ ನೀವು ದೊಡ್ಡದನ್ನು ಕೇಳಿದರೆ ಕಿವಿಗೊಡುತ್ತಾರೆ.

ದೊಡ್ಡದು ಎಂದರೆ ವಿನ್ಯಾಸವನ್ನೇ ಮರುಯೋಚಿಸುವುದು. ಅಮೆಜಾನ್‌ನ ಪ್ರೈಮ್ ವಿಡಿಯೋದ ಒಂದು ತಂಡ 2023ರಲ್ಲಿ ತನ್ನ ಅನುಭವ ಬರೆದುಕೊಂಡಿತ್ತು. ಪ್ರಸಾರವಾಗುತ್ತಿರುವ ವಿಡಿಯೋದ ಗುಣಮಟ್ಟವನ್ನು ಪರೀಕ್ಷಿಸುವ ಉಪಕರಣ ಅವರದು. ಮೊದಲು ಅದನ್ನು ಸಣ್ಣ ಸಣ್ಣ ಸರ್ವರ್‌ಲೆಸ್ (ತಮ್ಮದೇ ಸರ್ವರ್ ನೋಡಿಕೊಳ್ಳದೆ, ಬಳಸಿದಷ್ಟಕ್ಕೆ ಕ್ಲೌಡ್‌ಗೆ ಹಣ ಕಟ್ಟುವ) ತುಂಡುಗಳಾಗಿ ಕಟ್ಟಿದ್ದರು. ವಿಡಿಯೋದ ಚೌಕಟ್ಟುಗಳನ್ನು (ಫ್ರೇಮ್‌ಗಳನ್ನು) ಒಂದು ತುಂಡು ಕ್ಲೌಡ್ ಸಂಗ್ರಹದಲ್ಲಿ ಇಡುವುದು, ಇನ್ನೊಂದು ಅಲ್ಲಿಂದ ಎತ್ತಿಕೊಳ್ಳುವುದು. ಪ್ರತಿ ಸೆಕೆಂಡಿಗೂ ಹಲವು ಬಾರಿ ಕೆಲಸ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವುದು, ದಾಟಿದ್ದಕ್ಕೆಲ್ಲ ಶುಲ್ಕ. ಅಂದುಕೊಂಡ ಹೊರೆಯ ಶೇ 5ರಷ್ಟಕ್ಕೇ ಅದು ಮಿತಿ ಮುಟ್ಟಿತು. ಎಲ್ಲ ತುಂಡುಗಳನ್ನೂ ಒಂದೇ ಪ್ರಕ್ರಿಯೆಯೊಳಗೆ ತಂದು, ಚೌಕಟ್ಟುಗಳನ್ನು ಮೆಮೊರಿಯಲ್ಲೇ ಕೈಬದಲಾಯಿಸಿದ ಮೇಲೆ ಖರ್ಚು ಶೇ 90ಕ್ಕೂ ಹೆಚ್ಚು ಇಳಿಯಿತು. ಮೈಕ್ರೋಸರ್ವೀಸ್, ಅಂದರೆ ಹೀಗೆ ಸಣ್ಣ ತುಂಡುಗಳಾಗಿ ಕಟ್ಟುವುದು, ಕೆಟ್ಟದ್ದು ಎಂದು ಇದನ್ನು ಓದಿಕೊಂಡವರು ಬಹಳ ಜನ. ಅದು ತಪ್ಪು ಓದು. ಅದು ಒಂದು ತಂಡದ ಒಂದು ಉಪಕರಣದ ಕತೆ, ಇಡೀ ಪ್ರೈಮ್ ವಿಡಿಯೋದ್ದಲ್ಲ. ತುಂಡುಗಳ ನಡುವೆ ಭಾರೀ ದತ್ತಾಂಶ ಓಡಾಡುತ್ತಿದ್ದರೆ ಆ ತುಂಡುಗಳು ದೂರ ದೂರ ಇರಬಾರದು, ಅಷ್ಟೇ ಅದರ ತಿರುಳು. ಅದನ್ನು ಕಂಡುಕೊಳ್ಳುವುದೇ ಆರ್ಕಿಟೆಕ್ಟ್‌ನ ಕೆಲಸ.

ಜನ ಕಡಿಮೆಯಾದಾಗ, ತುಂಡುಗಳು ಎಷ್ಟಿರಬೇಕು ಎಂಬ ಈ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ. ಸಂಸ್ಥೆಯೊಳಗೆ ಮಾತುಕತೆ ಹೇಗೆ ಹರಿಯುತ್ತದೋ ಅದು ಕಟ್ಟುವ ವ್ಯವಸ್ಥೆಯ ಆಕಾರವೂ ಹಾಗೆಯೇ ಇರುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲೇ ಹೇಳಿದ್ದರು. ಅದನ್ನು ಲೇಆಫ್ ಆದ ಮರುದಿನದ ಕಂಪನಿಗೆ ಹಚ್ಚಿ ನೋಡಿ. ಹತ್ತು ತಂಡಗಳಿಗೆಂದು ನಲವತ್ತು ಸರ್ವೀಸ್ ಮಾಡಿದ್ದರು. ಈಗ ನಾಲ್ಕು ತಂಡ ಉಳಿದಿವೆ, ಸರ್ವೀಸ್‌ಗಳು ನಲವತ್ತೇ. ಹಿಂದೆ ತಂಡಕ್ಕೆ ನಾಲ್ಕು ಇದ್ದದ್ದು ಈಗ ಹತ್ತು. ಪ್ರತಿಯೊಂದಕ್ಕೂ ಅದರದೇ ಡಿಪ್ಲಾಯ್ (ಹೊಸ ಕೋಡ್ ಅನ್ನು ಬಳಕೆಗೆ ಬಿಡುವುದು), ಅದರದೇ ಅಲರ್ಟ್, ಅದರದೇ ಸೆಕ್ಯುರಿಟಿ ಅಪ್‌ಡೇಟ್. ತಂಡದ ಅರ್ಧ ವಾರ ಹೊಸದೇನೂ ಮಾಡದೆ ಇದ್ದದ್ದನ್ನು ಉಸಿರಾಡಿಸುವುದರಲ್ಲೇ ಹೋಗುತ್ತದೆ. ಆಡಳಿತಕ್ಕೆ ಕಾಣುವುದು "ಜನ ನಿಧಾನವಾಗಿದ್ದಾರೆ" ಎಂದು ಮಾತ್ರ. ಯಾವ ಸರ್ವೀಸ್‌ಗಳನ್ನು ಒಂದಾಗಿಸಬಹುದು, ಯಾವ ಗಡಿ ಈಗಲೂ ಬೇಕು ಎಂದು ಕೂತು ಯೋಚಿಸಿ ಹೇಳುವವರು ಇಲ್ಲದೆ ಹೋದರೆ ಲೇಆಫ್‌ನಿಂದ ಉಳಿದ ಹಣ ಅಲ್ಲೇ ಸೋರಿಹೋಗುತ್ತದೆ. ನಿಮ್ಮ ಮೀಟಿಂಗ್‌ನಲ್ಲಿ ಆ ಮಾತಾಡಿದವರಿಗೆ ಕೊಡಬಹುದಾದ ನೇರ ಉತ್ತರ ಇದು.

ತಂಡ ಸಣ್ಣದಾಗುವುದು ಎಲ್ಲ ರೀತಿಯಲ್ಲೂ ಕೆಡುಕಲ್ಲ ಎಂಬುದನ್ನೂ ಒಪ್ಪಬೇಕು. ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು ಇಂದಿಗೂ ನಿಜ. ಹತ್ತು ಜನರ ನಡುವೆ 45 ಜೋಡಿ ಮಾತುಕತೆ, ಐದು ಜನರ ನಡುವೆ ಹತ್ತೇ. ಆದರೆ ಆ ಲಾಭ ಸಿಗುವುದು ಕೆಲಸವೂ ಅದಕ್ಕೆ ತಕ್ಕಂತೆ ಇಳಿದಾಗ. ಜನ ಅರ್ಧ, ಕೆಲಸ ಅಷ್ಟೇ ಎಂದಾದರೆ ಲಾಭವೇನೂ ಇಲ್ಲ.

ಇನ್ನು ನಿಲ್ಲಿಸುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರಲ್ಲೇ ಪರಿಣತಿ ಎದ್ದು ಕಾಣುತ್ತದೆ. ಬಳಕೆಯಲ್ಲಿಲ್ಲದ ಕೋಡ್ ಸುಮ್ಮನೆ ಬಿದ್ದಿರುತ್ತದೆ, ಅದರಿಂದ ಯಾರಿಗೇನು ಎಂದು ಹಲವರು ತಿಳಿದಿದ್ದಾರೆ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ 2012ರ ಆಗಸ್ಟ್ 1ರಂದು ನಡೆದದ್ದು ಇದಕ್ಕೆ ಉತ್ತರ. ಪವರ್ ಪೆಗ್ ಎಂಬ ಹಳೆಯ ಕಾರ್ಯಭಾಗವನ್ನು ಅವರು 2003ರಲ್ಲೇ ಬಳಸುವುದು ಬಿಟ್ಟಿದ್ದರು, ತೆಗೆದುಹಾಕಿರಲಿಲ್ಲ. ಹೊಸ ಕೋಡ್ ಬರೆದವರು ಪವರ್ ಪೆಗ್ ಅನ್ನು ಎಬ್ಬಿಸುತ್ತಿದ್ದ ಅದೇ ಹಳೆಯ ಫ್ಲ್ಯಾಗ್ (ಸ್ವಿಚ್‌ನಂಥ ಗುರುತು) ಅನ್ನು ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಒಂದಕ್ಕೆ ಹಾಕುವುದು ತಪ್ಪಿಹೋಯಿತು, ಎರಡನೆಯವರು ಪರಿಶೀಲಿಸುವ ಪದ್ಧತಿ ಇರಲಿಲ್ಲ. ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆ ಸಿಬ್ಬಂದಿಗೆ 97 ಇಮೇಲ್ ಕಳಿಸಿತ್ತು, ಅವನ್ನು ಎಚ್ಚರಿಕೆ ಎಂದು ಯಾರೂ ಪರಿಗಣಿಸಲಿಲ್ಲ. ಮಾರುಕಟ್ಟೆ ತೆರೆದ ಕೂಡಲೇ ಆ ಎಂಟನೆಯ ಸರ್ವರ್‌ನಲ್ಲಿ ಸತ್ತಿದ್ದ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸತೊಡಗಿತು. ಗಾಬರಿಯಲ್ಲಿ ಉಳಿದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದರು. ಅಲ್ಲೂ ಹಳೆಯದೇ ಎದ್ದಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು. ಮರುವರ್ಷ ಆ ಸಂಸ್ಥೆ ಇನ್ನೊಂದರ ಜೊತೆ ವಿಲೀನವಾಯಿತು. 2003ರಲ್ಲಿ ಪವರ್ ಪೆಗ್ ಅಳಿಸಲು ಎಷ್ಟು ದಿನ ಬೇಕಾಗುತ್ತಿತ್ತು? ಆ ಕೆಲಸಕ್ಕೆ ಯಾರ ಬಜೆಟ್‌ನಲ್ಲೂ ಸಾಲು ಇರುವುದಿಲ್ಲ, ಅದೇ ತೊಂದರೆ.

ಅಳಿಸುವುದಕ್ಕೂ ಒಂದು ಕ್ರಮ ಇದೆ. ಮೂರು ತಿಂಗಳ ಟ್ರಾಫಿಕ್ ನೋಡಿ, ಯಾರೂ ಕರೆಯುತ್ತಿಲ್ಲ ಎಂದು ಸರ್ವೀಸ್ ಮುಚ್ಚಿಬಿಡುವುದು ನಾನು ಕಂಡ ಅತಿ ಸಾಮಾನ್ಯ ಅವಘಡ. ಹಣಕಾಸು ವರ್ಷದ ಕೊನೆಗೆ ಒಂದೇ ಒಂದು ಬಾರಿ ಓಡುವ ಲೆಕ್ಕಪತ್ರದ ಜಾಬ್ ಅದನ್ನೇ ನಂಬಿಕೊಂಡಿರುತ್ತದೆ. ಮುಚ್ಚಿದ್ದು ಗೊತ್ತಾಗುವುದು ಆಡಿಟರ್‌ಗಳು ವರದಿ ಕೇಳಿದ ದಿನ. ಆದ್ದರಿಂದ ಕನಿಷ್ಠ ಒಂದು ಪೂರ್ಣ ವರ್ಷದ ಬಳಕೆ ನೋಡಬೇಕು. ಅದು ಸಿಗದಿದ್ದರೆ ವರ್ಷದ ಕೊನೆ, ತ್ರೈಮಾಸಿಕದ ಕೊನೆ ಏನೇನು ಓಡುತ್ತದೆ ಎಂದು ಲೆಕ್ಕಪತ್ರ ವಿಭಾಗದವರನ್ನೇ ಕೂರಿಸಿಕೊಂಡು ಕೇಳಬೇಕು. ನಂತರ ಒಮ್ಮೆಗೇ ಅಳಿಸದೆ, ಮೊದಲು ಆ ಸರ್ವೀಸ್ ಅನ್ನು ಕೆಲವು ಗಂಟೆ ನಿಲ್ಲಿಸಿ ನೋಡುವುದು, ಆಮೇಲೆ ಒಂದು ವಾರ, ಆಮೇಲೆ ಡೇಟಾವನ್ನು ಬ್ಯಾಕಪ್ ಮಾಡಿ, ಮರಳಿ ತರಲು ಆಗುತ್ತದೆಯೇ ಎಂದು ಪರೀಕ್ಷಿಸಿ, ಕೊನೆಗೆ ತೆಗೆಯುವುದು. ಇಷ್ಟು ತಾಳ್ಮೆಯಿಂದ ತೆಗೆದದ್ದು ಮಾತ್ರ ಉಳಿತಾಯ. ಉಳಿದದ್ದು ಮುಂದೂಡಿದ ನಷ್ಟ.

ಅರ್ಧಕ್ಕೆ ನಿಂತ ಮೈಗ್ರೇಷನ್‌ಗಳನ್ನು (ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸುವ ಕೆಲಸಗಳನ್ನು) ಪ್ರತ್ಯೇಕವಾಗಿ ಪಟ್ಟಿ ಮಾಡಿ. ಹೆಚ್ಚಿನ ಕಂಪನಿಗಳಲ್ಲಿ ಅತಿ ದುಬಾರಿ ವಸ್ತು ಅದೇ. ಹಳೆಯ ಡೇಟಾಬೇಸ್‌ನಿಂದ ಹೊಸದಕ್ಕೆ ಮುಕ್ಕಾಲು ಪಾಲು ಸಾಗಿಸಿ, ಬಜೆಟ್ ನಿಂತಿತೆಂದು ಕೈಬಿಟ್ಟರೆ ಎರಡಕ್ಕೂ ಲೈಸೆನ್ಸ್, ಎರಡಕ್ಕೂ ಸರ್ವರ್, ಎರಡನ್ನೂ ಬಲ್ಲ ಜನ, ಎರಡರ ನಡುವೆ ಡೇಟಾ ಹೊಂದಿಸುವ ಇನ್ನೊಂದು ಪ್ರೋಗ್ರಾಂ. ಮುಗಿಸಿದರೆ ಒಂದರ ಖರ್ಚು ಪೂರ್ತಿ ಹೋಗುತ್ತದೆ. ಹಿಂದಕ್ಕೆ ಬಂದರೂ ಒಂದರ ಖರ್ಚು ಹೋಗುತ್ತದೆ. ನಡುವೆ ನಿಲ್ಲುವುದೊಂದೇ ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ. "ಹೊಸ ಯೋಜನೆ ಬೇಡ" ಎಂದು ಆಡಳಿತ ಹೇಳಿದಾಗ ಇದನ್ನು ಹೊಸ ಯೋಜನೆ ಎಂದು ತೋರಿಸಬೇಡಿ, ನಿಂತಿರುವ ಉಳಿತಾಯ ಎಂದು ತೋರಿಸಿ.

ಮುಗಿಸುವ ಆತುರದಲ್ಲಿ ಎಚ್ಚರ ತಪ್ಪಬಾರದು. ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ ತನ್ನ ಹಳೆಯ ಮಾಲೀಕ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಗೆ ಬಾಡಿಗೆ ಕಟ್ಟುವುದನ್ನು ತಪ್ಪಿಸಿಕೊಳ್ಳಲು 2018ರ ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆಗೆ ಹೋಯಿತು, ಬಹುಪಾಲು ಒಂದೇ ವಾರಾಂತ್ಯದಲ್ಲಿ. ಸುಮಾರು 19 ಲಕ್ಷ ಗ್ರಾಹಕರು ತಮ್ಮ ಖಾತೆ ತೆರೆಯಲಾಗದೆ ಪರದಾಡಿದರು. ಆ ವರ್ಷ ಬ್ಯಾಂಕಿಗೆ ತಗಲಿದ ಖರ್ಚು 33 ಕೋಟಿ ಪೌಂಡ್. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡವನ್ನೂ ಹಾಕಿದರು. ಉಳಿಸಲು ಹೊರಟ ಯೋಜನೆಯೇ ಇಷ್ಟು ತಿಂದಿತು. "ಇನ್ನೂ ಸಿದ್ಧವಾಗಿಲ್ಲ, ಸ್ವಲ್ಪ ಸ್ವಲ್ಪವಾಗಿ ಸಾಗಿಸೋಣ" ಎಂದು ಆಧಾರ ಸಮೇತ ಹೇಳಬಲ್ಲ ಒಬ್ಬ ಆರ್ಕಿಟೆಕ್ಟ್, ಆ ಮಾತನ್ನು ಕೇಳಿಸಿಕೊಳ್ಳುವ ಆಡಳಿತ, ಎರಡೂ ಇದ್ದರೆ ಎಷ್ಟು ಉಳಿಯುತ್ತದೆ ಎಂದು ಈ ಅಂಕಿಗಳಿಂದಲೇ ಅಂದಾಜು ಮಾಡಬಹುದು.

ಹಿಂಜರಿತ ಬಂದಾಗ ಎಲ್ಲ ವ್ಯವಸ್ಥೆಗಳ ಹೊರೆ ಇಳಿಯುತ್ತದೆ ಎಂದೂ ತಿಳಿಯಬಾರದು. ಕೆಲವಕ್ಕೆ ಅದೇ ಹೊತ್ತಿನಲ್ಲಿ ಏರುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಅಮೆರಿಕದಲ್ಲಿ ಒಂದೇ ವಾರ 60 ಲಕ್ಷಕ್ಕೂ ಹೆಚ್ಚು ಜನ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರು. ನ್ಯೂ ಜೆರ್ಸಿಯ ಆಗಿನ ಗವರ್ನರ್ ಫಿಲ್ ಮರ್ಫಿ ಏಪ್ರಿಲ್‌ನಲ್ಲಿ ಪತ್ರಿಕಾಗೋಷ್ಠಿಯಲ್ಲೇ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಸ್ವಯಂಸೇವಕರು ಬೇಕು ಎಂದು ಕೇಳಿಕೊಳ್ಳಬೇಕಾಯಿತು. ರಾಜ್ಯದ ವ್ಯವಸ್ಥೆಗಳು 40 ವರ್ಷಕ್ಕಿಂತ ಹಳೆಯ ಮೇನ್‌ಫ್ರೇಮ್‌ಗಳ (ದೊಡ್ಡ ಕೇಂದ್ರ ಕಂಪ್ಯೂಟರ್‌ಗಳ) ಮೇಲೆ ಓಡುತ್ತಿದ್ದವು. ಆ ಕೋಡ್ ಬಲ್ಲವರು ನಿವೃತ್ತರಾಗಿ ಹೊರಟಾಗ, ಅವರ ಜೊತೆ ಏನು ಹೋಯಿತು ಎಂದು ಯಾವ ಲೆಕ್ಕಪುಸ್ತಕವೂ ತೋರಿಸಿರಲಿಲ್ಲ. ಸಾಲ ವಸೂಲಿ, ರಿಫಂಡ್, ಒಪ್ಪಂದ ರದ್ದು, ಗ್ರಾಹಕರ ದೂರು — ಕೆಟ್ಟ ಕಾಲದಲ್ಲಿ ಹೊರೆ ಏರುವುದು ಇಂಥ ಮೂಲೆಗಳಲ್ಲಿ. ಒಳ್ಳೆಯ ಕಾಲದಲ್ಲಿ ಯಾರೂ ಇವುಗಳ ಕಡೆ ಗಮನ ಕೊಟ್ಟಿರುವುದಿಲ್ಲ. ನಿಮ್ಮಲ್ಲಿ ಅಂಥ ಭಾಗಗಳು ಯಾವುವು, ಅವನ್ನು ಬಲ್ಲವರು ಎಷ್ಟು ಜನ ಉಳಿದಿದ್ದಾರೆ ಎಂದು ಈ ವಾರವೇ ನೋಡಿ. ಒಬ್ಬರೇ ಆಗಿದ್ದರೆ ಅವರ ಪಕ್ಕ ಇನ್ನೊಬ್ಬರನ್ನು ಕೂರಿಸಿ.

ನಿಮ್ಮ ಎಂಜಿನಿಯರ್‌ಗಳಿಗೂ ಇದೇ ದಾರಿ. ಬರೀ ತಮ್ಮ ಪಾಲಿನ ಟಿಕೆಟ್ (ಹಂಚಿಕೊಟ್ಟ ಸಣ್ಣ ಕೆಲಸ) ಮುಗಿಸಿ ಕೂರುವವರಿಗಿಂತ ಒಂದು ಆರ್ಡರ್‌ನ ಇಡೀ ಪಯಣವನ್ನು ಬಲ್ಲವರಿಗೆ ಈಗ ಬೆಲೆ ಹೆಚ್ಚು. ಕೋಡ್ ಬರೆದುಕೊಡುವ ಎಐ ಉಪಕರಣಗಳು ಬಂದ ಮೇಲಂತೂ ಸಾಲುಗಳನ್ನು ಟೈಪ್ ಮಾಡುವ ವೇಗ ಯಾರ ಹೆಗ್ಗಳಿಕೆಯೂ ಅಲ್ಲ. ಹಾಗೆ ಸುಲಭವಾಗಿ ಬಂದ ಕೋಡ್ ಅನ್ನು ವ್ಯವಸ್ಥೆಯೊಳಗೆ ಬಿಡಬೇಕೇ, ಬಿಟ್ಟರೆ ಅದನ್ನು ಐದು ವರ್ಷ ಸಾಕುವವರು ಯಾರು ಎಂಬ ವಿವೇಚನೆ ಇನ್ನೂ ಮನುಷ್ಯರದೇ. ಬಳಕೆಯಲ್ಲಿರುವ ಸಾಫ್ಟ್‌ವೇರ್ ತಾನಾಗಿ ಜಟಿಲವಾಗುತ್ತಲೇ ಹೋಗುತ್ತದೆ, ಅದನ್ನು ತಡೆಯಲು ಬೇರೆಯೇ ದುಡಿಮೆ ಬೇಕು ಎಂದು ಕಂಪ್ಯೂಟರ್ ವಿಜ್ಞಾನಿ ಮೀರ್ ಲೇಮನ್ 1970ರ ದಶಕದಲ್ಲಿ ಹೇಳಿದ್ದರು. ಕೋಡ್ ಅಗ್ಗವಾದಷ್ಟೂ ಆ ದುಡಿಮೆ ಹೆಚ್ಚುತ್ತದೆ. ಹೊಸಬರನ್ನು ಕೈಬಿಡುವ ಮಾತು ಬಂದರೆ ದಯವಿಟ್ಟು ಅವರ ಪರ ನಿಲ್ಲಿ. ಮೂರು ವರ್ಷ ಯಾರಿಗೂ ಕಲಿಸದೆ ಬಿಟ್ಟರೆ, ಮಾರುಕಟ್ಟೆ ಚೇತರಿಸಿದಾಗ ನಡುವಿನ ತಲೆಮಾರೇ ಇರುವುದಿಲ್ಲ.

ಆಡಳಿತಕ್ಕೆ ಕೊಡುವ ಟಿಪ್ಪಣಿ ಒಂದು ಪುಟ ದಾಟದಿರಲಿ. "ಲೆಗಸಿ ಕೋಡ್‌ನಲ್ಲಿ ಟೆಕ್ನಿಕಲ್ ಡೆಟ್ ಹೆಚ್ಚಾಗಿದೆ" ಎಂದು ಬರೆದರೆ ಓದುವವರು ಪುಟ ತಿರುಗಿಸುತ್ತಾರೆ. ಹೀಗೆ ಬರೆಯಿರಿ: "ರಸೀದಿ ಕಳಿಸಲು ಎರಡು ವ್ಯವಸ್ಥೆ ನಡೆಸುತ್ತಿದ್ದೇವೆ. ಹಳೆಯದರಲ್ಲಿ ಉಳಿದಿರುವುದು ನೂರರಲ್ಲಿ ಎಂಟು ಗ್ರಾಹಕರು. ಅವರನ್ನು ಸಾಗಿಸಲು ಇಬ್ಬರಿಗೆ ಆರು ವಾರ ಬೇಕು. ಸಾಗಿಸಿದರೆ ಈ ಲೈಸೆನ್ಸ್ ಮುಂದಿನ ನವೀಕರಣಕ್ಕೆ ಮೊದಲೇ ಬಿಡಬಹುದು. ಸಾಗಿಸದಿದ್ದರೆ ಇನ್ನೂ ಒಂದು ವರ್ಷ ಕಟ್ಟಬೇಕು. ಅಪಾಯ: ಹಳೆಯ ರಸೀದಿಗಳ ನಕಲು ಕೇಳುವ ಗ್ರಾಹಕರು, ಅದಕ್ಕೆ ಮಾಡಿಕೊಂಡ ವ್ಯವಸ್ಥೆ ಇದು." ಇದನ್ನು ಅರ್ಥ ಮಾಡಿಕೊಳ್ಳಲು ಕಂಪ್ಯೂಟರ್ ವಿಜ್ಞಾನ ಬೇಕಿಲ್ಲ. ಲೈಸೆನ್ಸ್ ನವೀಕರಣದ ತಾರೀಕುಗಳನ್ನು ಮೊದಲೇ ತಿಳಿದಿಟ್ಟುಕೊಳ್ಳಿ. ಆ ತಾರೀಕು ದಾಟಿದ ಮೇಲೆ ಮುಗಿಸಿದ ಕೆಲಸಕ್ಕೆ ಆ ವರ್ಷ ಒಂದು ಕಾಸೂ ಉಳಿಯುವುದಿಲ್ಲ. ತಪ್ಪಿಸಿದ ಅವಘಡಗಳ ಬಗ್ಗೆಯೂ ಬರೆಯಬಹುದು, ಆದರೆ ಅಂಕಿಯನ್ನು ಉಬ್ಬಿಸಬೇಡಿ. ಒಮ್ಮೆ ಉಬ್ಬಿಸಿದ್ದು ಸಿಕ್ಕಿಬಿದ್ದರೆ ನಿಮ್ಮ ಮುಂದಿನ ಹತ್ತು ಟಿಪ್ಪಣಿಗಳನ್ನು ಯಾರೂ ನಂಬುವುದಿಲ್ಲ.

ಇದರ ಜೊತೆಗೆ, ಮಾಡುವ ಪ್ರತಿ ದೊಡ್ಡ ನಿರ್ಧಾರವನ್ನೂ ಅರ್ಧ ಪುಟದಲ್ಲಿ ದಾಖಲಿಸಿ: ಏನು ನಿರ್ಧರಿಸಿದೆವು, ಯಾಕೆ, ಯಾವ ಪರಿಸ್ಥಿತಿ ಬದಲಾದರೆ ಮತ್ತೆ ನೋಡಬೇಕು. ಹಿಂಜರಿತದಲ್ಲಿ ಒಳ್ಳೆಯ ನಿರ್ಧಾರ ಚೇತರಿಕೆಯಲ್ಲಿ ತಪ್ಪಾಗಬಹುದು. ಆನ್‌ಲೈನ್‌ನಲ್ಲಿ ಫೈಲ್ ಇಟ್ಟುಕೊಡುವ ಕಂಪನಿ ಡ್ರಾಪ್‌ಬಾಕ್ಸ್ ಬೆಳೆಯುವಾಗ ಅಮೆಜಾನ್‌ನ ಕ್ಲೌಡ್ ಮೇಲೆ ನಿಂತಿತ್ತು, ಅದು ಆಗ ಸರಿಯಾದ ನಿರ್ಧಾರವೇ. ಬಳಕೆ ಸ್ಥಿರವಾಗಿ, ಗಾತ್ರ ಬೃಹತ್ತಾದ ಮೇಲೆ ಹೆಚ್ಚಿನ ಡೇಟಾವನ್ನು ತನ್ನದೇ ಯಂತ್ರಗಳಿಗೆ ತಂದುಕೊಂಡು ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಖರ್ಚು ಇಳಿಸಿಕೊಂಡಿದ್ದನ್ನು 2018ರಲ್ಲಿ ಷೇರು ಮಾರುಕಟ್ಟೆಗೆ ಬರುವ ಮುನ್ನ ಸಲ್ಲಿಸಿದ ಪತ್ರದಲ್ಲಿ ತೋರಿಸಿತ್ತು. ಅಷ್ಟು ದೊಡ್ಡ ಗಾತ್ರವಾಗಲಿ, ಅದನ್ನು ನಡೆಸುವ ಪರಿಣತರಾಗಲಿ ಇಲ್ಲದ ಕಂಪನಿ ಇದನ್ನೇ ಅನುಕರಿಸಿದರೆ ಕೈಸುಟ್ಟುಕೊಳ್ಳುತ್ತದೆ.

ಕೊನೆಯ ಪ್ರಶ್ನೆ: ಪೂರ್ತಿಯಾಗಿ ಕೋಡಿಂಗ್‌ಗೆ ಮರಳಬೇಕೇ? ಪೂರ್ತಿ ಬೇಡ, ಆದರೆ ಕೋಡ್‌ನ ಹತ್ತಿರಕ್ಕೆ ಖಂಡಿತ ಬನ್ನಿ. ಐದು ವರ್ಷದಿಂದ ಪ್ರೊಡಕ್ಷನ್ ಲಾಗ್ ತೆರೆದಿಲ್ಲ, ಯಾವ ಬಿಲ್ಡ್ (ಕೋಡ್ ಅನ್ನು ಓಡುವ ಪ್ರೋಗ್ರಾಂ ಆಗಿಸುವ ಹಂತ) ಯಾಕೆ ನಲವತ್ತು ನಿಮಿಷ ತಿನ್ನುತ್ತದೆ ಎಂದು ಗೊತ್ತಿಲ್ಲ ಎನ್ನುವ ಆರ್ಕಿಟೆಕ್ಟ್ ಬಗ್ಗೆ ಆ ಮೀಟಿಂಗ್‌ನಲ್ಲಿ ಬಂದ ಮಾತು ಅನ್ಯಾಯದ್ದೇನಲ್ಲ. ಹೊಸ ಫೀಚರ್ ಬರೆಯುವುದನ್ನು ತಂಡಕ್ಕೆ ಬಿಡಿ, ಅದರಲ್ಲಿ ಅವರು ನಿಮಗಿಂತ ಚುರುಕು. ಯಾರೂ ಮುಟ್ಟಲು ಹೆದರುವ ಹಳೆಯ ಭಾಗವೊಂದನ್ನು ಆರಿಸಿಕೊಂಡು, ಅದರ ಟೆಸ್ಟ್ ನೀವೇ ಬರೆದು, ಅದನ್ನು ನಿಮ್ಮ ಕೈಯಾರೆ ತೆಗೆಯಿರಿ. ಆನ್‌ಕಾಲ್ ಸರದಿಯಲ್ಲಿ ನಿಮ್ಮ ಹೆಸರೂ ಇರಲಿ. ಹುದ್ದೆಯ ಹೆಸರು ಬದಲಿಸಿ "ಸೀನಿಯರ್ ಎಂಜಿನಿಯರ್" ಎಂದು ಮಾಡುತ್ತೇವೆ ಎಂದರೆ, ಸಂಬಳಕ್ಕೆ ಧಕ್ಕೆ ಇಲ್ಲದಿದ್ದರೆ ಒಪ್ಪಿಕೊಳ್ಳಿ. ನಿರ್ಧಾರಗಳಲ್ಲಿ ನಿಮ್ಮ ಮಾತು ನಡೆಯುವುದು ಹೆಸರಿನಿಂದಲ್ಲ.

ಇಷ್ಟೆಲ್ಲ ಮಾಡಿಯೂ ಮೂರನೆಯ ಸುತ್ತಿನಲ್ಲಿ ನಿಮ್ಮ ಹೆಸರು ಬರಬಹುದು. ಅದಕ್ಕೆ ಈಗಲೇ ಸಿದ್ಧರಾಗಿರಿ. ಕಂಪನಿಯ ಗೋಪ್ಯ ದಾಖಲೆಗಳನ್ನು ಮುಟ್ಟದೆ, ನೀವು ತೆಗೆದದ್ದು, ಒಂದಾಗಿಸಿದ್ದು, ಮುಗಿಸಿದ್ದು ಯಾವುದು, ಅದರಿಂದ ಶೇಕಡಾ ಎಷ್ಟು ಇಳಿಯಿತು, ಏನು ಮುರಿಯದಂತೆ ಹೇಗೆ ನೋಡಿಕೊಂಡಿರಿ ಎಂಬುದನ್ನು ನಿಮ್ಮ ನೆನಪಿಗಾಗಿ ಪ್ರತಿ ತಿಂಗಳೂ ಬರೆದಿಟ್ಟುಕೊಳ್ಳಿ. ಈಗ ಜನರನ್ನು ತೆಗೆದುಕೊಳ್ಳುತ್ತಿರುವ ಕಂಪನಿಗಳಲ್ಲೂ ಬಜೆಟ್ ಬಿಗಿಯಾಗಿಯೇ ಇದೆ. ಸಂದರ್ಶನದಲ್ಲಿ ಅವರು ಕೇಳುವುದೂ ಇದನ್ನೇ, ಮತ್ತು ಕೆಲಸ ಹೋದ ವಾರ ಕೂತು ನೆನಪಿಸಿಕೊಳ್ಳಲು ಹೊರಟರೆ ಅರ್ಧದಷ್ಟೂ ನೆನಪಿಗೆ ಬರುವುದಿಲ್ಲ.